ಕೇಳಲು ಬಂದವರಿಗೆ ಕಲಿಸುವ ಬಗೆ

ಕಂಪ್ಯೂಟರ್ ವೃತ್ತಿಯಲ್ಲಿರುವ ನನ್ನ ಪ್ರಿಯ ಶಿಷ್ಯರೇ, ಕಿರಿಯರು ಸಂದೇಹ ಹೊತ್ತು ಬಂದಾಗ ನೀವೇನು ಮಾಡುತ್ತೀರಿ?

ಭಾಷಾವಿಜ್ಞಾನವನ್ನು ಅಭ್ಯಸಿಸಿದ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆಯನ್ನೇ ನೋಡಿ. ಎರಡು ಹೆಸರುಗಳನ್ನು ಹೋಲಿಸಲು ಹೊಸಬರು ಜೋಡಿ ಸಮಚಿಹ್ನೆಯನ್ನು ಬಳಸಿ ಎಡವುತ್ತಾರೆ. ಅದು ಸಂಖ್ಯೆಗಳಿಗೆ ಮೀಸಲು. 'ರಾಮ', 'ಭೀಮ' ಎರಡನ್ನೂ ಸೊನ್ನೆಯೆಂದು ಎಣಿಸಿ ಸಮವೆಂದುಬಿಡುತ್ತದೆ! ಪದಗಳಿಗೆ ಬೇಕಾದದ್ದು 'ಈಕ್ಯೂ'.

'ಪುಸ್ತಕ ಓದಿಕೋ' ಎಂದು ಗದರಿದರೆ ಅವರು ಕೇಳುವುದನ್ನೇ ಬಿಡುತ್ತಾರೆ. ತಿದ್ದಿದ ಸಾಲನ್ನಷ್ಟೇ ಕೊಟ್ಟರೆ ನಾಳೆ ಅದನ್ನೇ ಕೇಳುತ್ತಾರೆ. ಎರಡೂ ನನಗೆ ಸಮ್ಮತವಲ್ಲ. ಪ್ರೋಗ್ರಾಮಿನ ಆರಂಭದಲ್ಲಿ 'ಯೂಸ್ ವಾರ್ನಿಂಗ್ಸ್' ಎಂದು ಬರೆಯಿಸಿರಿ. ಆಗ 'ಇದು ಸಂಖ್ಯೆಯಲ್ಲ' ಎಂದು ಪರ್ಲ್ ತಾನೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಅವರೊಡನೆ ಕುಳಿತು ಓದಿರಿ. ಮುಂದಿನ ತಪ್ಪನ್ನು ಅವರೇ ಕಂಡುಕೊಳ್ಳುವರು.