ಹಳೆಯ ಕಾರಿನ ಜಾತಕ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಹಳೆಯ ಮೋಟಾರು ಗಾಡಿಗಳ ಪ್ರದರ್ಶನಕ್ಕೆ ಹೋದಾಗ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತೇವೆ. ಕನ್ನಡಿಯಂತೆ ಹೊಳೆಯುವ ಕಾರನ್ನು ಕಂಡೊಡನೆ, “ತೊಂಬತ್ತು ವರ್ಷದ ಗಾಡಿ, ಎಷ್ಟು ಚೆನ್ನಾಗಿ ಉಳಿದಿದೆ!” ಎಂದು ಬೆರಗಾಗುತ್ತೇವೆ. ತೊಂಬತ್ತು ವರ್ಷ ಬಿಸಿಲು, ಮಳೆ, ಧೂಳುಗಳನ್ನು ಉಂಡ ವಸ್ತುವು ತಾನಾಗಿ ಹಾಗೆ ಹೊಳೆಯಲಾರದೆಂಬುದು ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಉಳಿದು ಬಂದುದು ಬೇರೆ. ಕೆಟ್ಟುದನ್ನು ರಿಪೇರಿ ಮಾಡಿ ಉಳಿಸಿದುದು ಬೇರೆ. ಹಳೆಯ ಹೆಸರಿನಲ್ಲಿ ಹೊಸದಾಗಿ ಹುಟ್ಟಿಸಿದುದು ಬೇರೆ. ಈ ಮೂರನ್ನು ಬೇರ್ಪಡಿಸಿ ನೋಡುವುದು ಹೇಗೆಂಬುದೇ ಈ ವಾರದ ವಿಚಾರ.

ಇದು ಕೇವಲ ಹವ್ಯಾಸಿಗಳ ಹರಟೆಯಲ್ಲ. 1990ರಲ್ಲಿ ಲಂಡನ್ನಿನ ಹೈಕೋರ್ಟು ಇದೇ ಪ್ರಶ್ನೆಯನ್ನು ತೀರ್ಮಾನಿಸಬೇಕಾಗಿ ಬಂದಿತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರೊಂದಕ್ಕೆ ಒಂದು ಕೋಟಿ ಪೌಂಡುಗಳ ಬೆಲೆ ಗೊತ್ತಾಗಿತ್ತು. ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು 1929 ಮತ್ತು 1930ರಲ್ಲಿ ಸತತವಾಗಿ ಎರಡು ಸಲ ಗೆದ್ದ ಗಾಡಿಯದು. ಎರಡು ಸಲವೂ ಅದನ್ನು ಓಡಿಸಿದವರಲ್ಲಿ ಬೆಂಟ್ಲಿ ಸಂಸ್ಥೆಯ ಅಧ್ಯಕ್ಷನಾಗಿದ್ದ ವುಲ್ಫ್ ಬಾರ್ನಾಟೊ ಒಬ್ಬನು. ಒಪ್ಪಂದವಾದ ಮೇಲೆ ಕೊಳ್ಳುವವರು, “ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ” ಎಂದು ಹಿಂದೆಗೆದರು. ಮಾರುವವರು ನ್ಯಾಯಾಲಯದ ಬಾಗಿಲು ತಟ್ಟಿದರು.

ಕೊಳ್ಳುವವರ ವಾದ ನಿರಾಧಾರವಾದುದೇನೂ ಅಲ್ಲ. ಪಂದ್ಯದ ಗಾಡಿಯೆಂದ ಮೇಲೆ ಪ್ರತಿ ವರ್ಷವೂ ಅದರ ಒಂದಲ್ಲ ಒಂದು ಅಂಗ ಬದಲಾಗುತ್ತದೆ. 1932ರ ಹೊತ್ತಿಗೆ ಅದರಲ್ಲಿ ಎಂಟು ಲೀಟರಿನ ಬೇರೊಂದು ಎಂಜಿನು ಕುಳಿತಿತ್ತು. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಗಾಡಿಯು ಇಳಿಜಾರಿನ ಅಂಚನ್ನು ದಾಟಿ ಹಾರಿ, ಅದನ್ನು ಓಡಿಸುತ್ತಿದ್ದ ಕ್ಲೈವ್ ಡನ್ಫಿ ಪ್ರಾಣ ಬಿಟ್ಟನು. ಅನಂತರ ಅದೇ ಗಾಡಿ ಮತ್ತೊಂದು ಮೈಯನ್ನು ತೊಟ್ಟು ರಸ್ತೆಗಿಳಿಯಿತು. ಹೀಗಾಗಿ ಲ ಮಾನ್‌ನಲ್ಲಿ ಗೆದ್ದ ದಿನದ ಲೋಹ ಅದರಲ್ಲಿ ಉಳಿದಿದ್ದುದು ಅತ್ಯಲ್ಪ.

ನ್ಯಾಯಮೂರ್ತಿ ಆಟನ್ ಅವರು ಕೊಟ್ಟ ತೀರ್ಪು ಸೊಗಸಾಗಿದೆ. ಈ ಕಾರನ್ನು ‘ಮೂಲ ರೂಪದ್ದು’ ಎಂದು ಕರೆಯಲಾಗದು, ಆದರೆ ಇದು ‘ಅಸಲಿ’ ಎಂಬುದರಲ್ಲಿ ಸಂದೇಹವಿಲ್ಲ; ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಅದರ ಬಾಳು ಎಲ್ಲಿಯೂ ಕಡಿಯದೆ ಸಾಗಿ ಬಂದಿದೆ; ಆ ಹೆಸರಿಗೆ ನ್ಯಾಯವಾಗಿ ಹಕ್ಕು ಹೇಳಬಲ್ಲ ಬೇರೊಂದು ಗಾಡಿಯಿಲ್ಲ ಎಂಬುದು ಅದರ ಸಾರಾಂಶ. ನಮ್ಮ ಊರುಗಳ ತೇರನ್ನು ನೆನೆಯಿರಿ. ಗಾಲಿ ಸವೆದರೆ ಗಾಲಿ, ಅಚ್ಚು ಮುರಿದರೆ ಅಚ್ಚು ಬದಲಾಗುತ್ತದೆ. ಆದರೂ ಅಜ್ಜ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಾನೆ. ಅದು ಅದೇ ತೇರು ಎಂಬುದು ಸತ್ಯ. ಅದರ ಮರವೆಲ್ಲ ಮೊದಲಿನದೆಂದು ಹೇಳಿದರೆ ಮಾತ್ರ ಸುಳ್ಳು.

ಇನ್ನು ಗಾಡಿಯನ್ನು ಪರೀಕ್ಷಿಸುವ ಬಗೆ. ಮೊದಲು ನೋಡಬೇಕಾದುದು ಕಾಗದಪತ್ರ. ಚಾಸಿಯ ಮೇಲೆ ಕೆತ್ತಿದ ಸಂಖ್ಯೆ, ಎಂಜಿನಿನ ಸಂಖ್ಯೆ, ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆ, ಇವು ಒಂದಕ್ಕೊಂದು ಹೊಂದಬೇಕು. ಸಂಖ್ಯೆಗಳ ಸುತ್ತಲಿನ ಲೋಹವನ್ನು ಉಜ್ಜಿದ ಗುರುತಿದ್ದರೆ, ಅಕ್ಷರಗಳ ಸಾಲು ಸೊಟ್ಟಗಿದ್ದರೆ, ಯಾರದೋ ಕೈ ಅಲ್ಲಿ ಆಡಿದೆಯೆಂದು ಶಂಕಿಸಬೇಕು.

ಎರಡನೆಯದು ಬಣ್ಣ. ಬಣ್ಣ ಬಳಿಯುವವನು ಕಣ್ಣಿಗೆ ಕಾಣುವೆಡೆಯನ್ನು ಅಂದಗೊಳಿಸುತ್ತಾನೆ. ಗುಟ್ಟು ರಟ್ಟಾಗುವುದು ಕಾಣದೆಡೆಯಲ್ಲಿ. ಬಾಗಿಲ ಸಂದು, ರಬ್ಬರ್ ಪಟ್ಟಿಯ ಅಡಿ, ನೆಲಹಾಸಿನ ಕೆಳಗೆ ಇಣುಕಿದರೆ ಹಳೆಯ ಬಣ್ಣದ ಎಳೆ ಸಿಕ್ಕೀತು. ಬಣ್ಣದ ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯುವ ಪುಟ್ಟ ಉಪಕರಣಗಳೂ ಇವೆ. ಕಾರ್ಖಾನೆಯ ಬಣ್ಣ ಮೈಯೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಒಂದು ಕಡೆ ಮಾತ್ರ ಅಳತೆ ಹಲವು ಪಟ್ಟು ಏರಿದರೆ ಅಲ್ಲಿ ತಗ್ಗನ್ನು ಪುಟ್ಟಿಯಿಂದ ತುಂಬಿದ್ದಾರೆಂದು ತಿಳಿಯಬೇಕು. ಉಪಕರಣವಿಲ್ಲದವರು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಡಿದು ನೋಡಬಹುದು. ಉಕ್ಕಿಗೆ ಅಂಟುವ ಅಯಸ್ಕಾಂತ ಪುಟ್ಟಿಯ ಮೇಲೆ ಜಾರುತ್ತದೆ. ಆದರೆ ಎಚ್ಚರ! ಹಿಂದಿನ ಅನೇಕ ಕಾರುಗಳ ಮೈ ಅಲ್ಯುಮಿನಿಯಮ್ಮಿನದು. ಅಲ್ಲಿ ಅಯಸ್ಕಾಂತ ಅಂಟದಿದ್ದರೆ ಅದು ದೋಷವಲ್ಲ.

ಮೂರನೆಯದು ಸವೆತ. ಇದು ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಪೆಡಲುಗಳ ರಬ್ಬರು, ಸ್ಟಿಯರಿಂಗ್ ಚಕ್ರದ ಅಂಚು, ಚಾಲಕನ ಆಸನದ ಚರ್ಮ, ಬಾಗಿಲ ಹಿಡಿ, ಇವೆಲ್ಲವೂ ಒಂದೇ ಲೆಕ್ಕದಲ್ಲಿ ಸವೆದಿರಬೇಕು. ಮೀಟರು ಕಡಿಮೆ ಮೈಲಿ ತೋರಿಸುತ್ತಿದ್ದು ಪೆಡಲು ನುಣ್ಣಗಾಗಿದ್ದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಹತ್ತಿಯ ಹೆಣಿಗೆ ಸುತ್ತಿದ ತಂತಿಗಳಿದ್ದ ಕಾಲದ ಗಾಡಿಯಲ್ಲಿ ಪ್ಲಾಸ್ಟಿಕ್ಕಿನ ತಂತಿ ಕಂಡರೆ, ಅಡ್ಡಗೀರಿನ ಸ್ಕ್ರೂ ಮಾತ್ರ ಇದ್ದ ಕಾಲದ ಗಾಡಿಯಲ್ಲಿ ನಕ್ಷತ್ರದಂಥ ತಲೆಯ ಸ್ಕ್ರೂ ಕಂಡರೆ, ಅವು ಅನಂತರ ಬಂದ ಅತಿಥಿಗಳೆಂದೇ ಅರ್ಥ.

ಹಾಗಾದರೆ ಜೀರ್ಣೋದ್ಧಾರ ಮಾಡಿದ ಕಾರು ಕೀಳೆ? ಖಂಡಿತ ಅಲ್ಲ. ತುಕ್ಕು ತಿಂದು ಮಣ್ಣುಗೂಡುತ್ತಿದ್ದ ಗಾಡಿಯನ್ನು ಮತ್ತೆ ಓಡುವಂತೆ ಮಾಡಿದ ಕುಶಲಕರ್ಮಿಗೆ ಮರ್ಯಾದೆ ಸಲ್ಲಲೇಬೇಕು. ತಪ್ಪಿರುವುದು ಮುಚ್ಚಿಡುವುದರಲ್ಲಿ. ಏನು ಬದಲಾಯಿತು, ಯಾವಾಗ ಬದಲಾಯಿತು ಎಂದು ಬರೆದಿಟ್ಟ ಮಾಲೀಕನು ತನ್ನ ಗಾಡಿಯ ಗೌರವವನ್ನು ಹೆಚ್ಚಿಸುತ್ತಾನೆಯೇ ಹೊರತು ಕುಗ್ಗಿಸುವುದಿಲ್ಲ.

ಆದರೆ ಮಾಡಬೇಕಾಗಿಲ್ಲದ ಜೀರ್ಣೋದ್ಧಾರವೂ ಉಂಟು. ಶಿಲಾಶಾಸನ ಮಾಸಿದೆಯೆಂದು ಅದನ್ನು ನಯವಾಗಿ ತಿಕ್ಕಿದರೆ ಕಲ್ಲೇನೋ ಹೊಳೆದೀತು, ಅಕ್ಷರ ಮಾತ್ರ ಅಳಿಸಿಹೋದೀತು. ಈ ಅರಿವು ಈಗ ಲೋಕದಲ್ಲಿ ಬಲಿಯುತ್ತಿದೆ. ಮ್ಯಾಜೋರೆ ಸರೋವರದ ತಳದಲ್ಲಿ ದಶಕಗಟ್ಟಲೆ ಬಿದ್ದಿದ್ದ 1925ರ ಬುಗಾಟಿಯೊಂದನ್ನು 2009ರಲ್ಲಿ ಮೇಲೆತ್ತಿದರು. ಅರ್ಧಕ್ಕರ್ಧ ಕರಗಿದ್ದ ಆ ಗಾಡಿ 2010ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋಗಳನ್ನು ಮೀರಿದ ಬೆಲೆಗೆ ಹೋಯಿತು. ಕೊಂಡವರು ಅದನ್ನು ದುರಸ್ತಿ ಮಾಡದೆಯೇ ಪ್ರದರ್ಶನಕ್ಕಿಟ್ಟರು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಸ್ಪರ್ಧೆಯಲ್ಲಿ, 2024ರಲ್ಲಿ ಮೊಟ್ಟಮೊದಲ ಬಾರಿಗೆ, ಜೀರ್ಣೋದ್ಧಾರ ಮಾಡದ ಕಾರೊಂದು ಸರ್ವಶ್ರೇಷ್ಠವೆಂಬ ಬಿರುದನ್ನು ಪಡೆಯಿತು. ಅದೂ ಬುಗಾಟಿಯೇ; ಒಂದು ಕಾಲಕ್ಕೆ ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೋಪೋಲ್ಡನದಾಗಿದ್ದ 1934ರ ಗಾಡಿ. ಬಿರಿದ ಬಣ್ಣವೇ ಅದಕ್ಕೆ ಆಭರಣವಾಯಿತು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಕಾನೂನಿನೊಳಕ್ಕೆ ಬಂದಿದೆ. 2021ರ ಜುಲೈಯಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದಿರುವ, ಮೂಲ ರೂಪದಲ್ಲಿ ಕಾಪಾಡಿಕೊಂಡಿರುವ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಚಾಸಿ, ಮೈ, ಎಂಜಿನುಗಳನ್ನು ಭಾರಿಯಾಗಿ ಮಾರ್ಪಡಿಸಿರಬಾರದೆಂಬುದು ಷರತ್ತು. ಬಿಡಿಭಾಗ ಸಿಗದೆ ಹಳೆಯ ವಿದೇಶೀ ಕಾರುಗಳಿಗೆ ಅಂಬಾಸಿಡರಿನ ಎಂಜಿನು ಕೂರಿಸಿ ಓಡಿಸಿದ ನಮ್ಮ ಹಿರಿಯರ ಜಾಣತನ ಈ ತಕ್ಕಡಿಯಲ್ಲಿ ತೂಗುವಾಗ ತೊಡಕಾದೀತು! ಆದರೂ ಅದು ಆ ಗಾಡಿಯ ಬಾಳಿನ ಒಂದು ಅಧ್ಯಾಯವೆಂಬುದನ್ನು ಮರೆಯಬಾರದು.

ಆದುದರಿಂದ ಹಿತ್ತಲಿನ ಶೆಡ್ಡಿನಲ್ಲಿ ತಾತನ ಕಾಲದ ಗಾಡಿಯನ್ನು ಉಳಿಸಿಕೊಂಡಿರುವ ಗೃಹಸ್ಥರಲ್ಲಿ ಒಂದು ಬಿನ್ನಹ. ಬಣ್ಣ ಬಳಿಸುವ ಮುನ್ನ ನಾಲ್ಕು ದಿಕ್ಕಿನಿಂದಲೂ ಛಾಯಾಚಿತ್ರ ತೆಗೆಯಿಸಿರಿ. ಹಳೆಯ ರಸೀದಿಗಳನ್ನೂ ನೋಂದಣಿ ಪುಸ್ತಕವನ್ನೂ ಜೋಪಾನ ಮಾಡಿರಿ. ಬಿಚ್ಚಿದ ಬಿಡಿಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಎತ್ತಿಡಿರಿ. ಬ್ರೇಕು, ಟೈರುಗಳಂಥ ಪ್ರಾಣರಕ್ಷಣೆಯ ಭಾಗಗಳನ್ನು ಮಾತ್ರ ಸಂಕೋಚವಿಲ್ಲದೆ ಹೊಸದು ಮಾಡಿರಿ. ಉಳಿದುದಕ್ಕೆ ಅವಸರ ಬೇಡ. ಹೊಸ ಬಣ್ಣವನ್ನು ಎಂದು ಬೇಕಾದರೂ ಬಳಿಸಬಹುದು; ಹಳೆಯ ಬಣ್ಣವನ್ನು ಮರಳಿ ತರುವ ಕಾರ್ಖಾನೆ ಎಲ್ಲಿಯೂ ಇಲ್ಲ.