ಚುಟ್ಟದ ಪೆಟ್ಟಿಗೆಯೂ ಉಪ್ಪಿನ ಭರಣಿಯೂ

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ, ಜೀವಮಾನದಲ್ಲಿ ಒಂದು ಬೀಡಿಯನ್ನೂ ತುಟಿಗಿಡದ ನಾನು ಸಿಗಾರ್ ಕಾಪಿಡುವ ಪೆಟ್ಟಿಗೆಯ ಬಗ್ಗೆ ಬರೆಯಹೊರಟಿರುವುದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಿಯಾರು. ಮೊದಲೇ ಹೇಳಿಬಿಡುತ್ತೇನೆ: ಹೊಗೆಯನ್ನು ಒಳಗೆಳೆದುಕೊಳ್ಳದೆ ಬಾಯಲ್ಲಿಯೇ ಆಡಿಸಿ ಬಿಡುವವರಿಗೂ ಸಿಗಾರ್ ಬಾಯಿ, ಗಂಟಲು, ಅನ್ನನಾಳಗಳ ಅರ್ಬುದವನ್ನು ತರಬಲ್ಲದು. ಆ ವಿಷಯದಲ್ಲಿ ನನ್ನ ನಿಲುವು ತರಗತಿಯಲ್ಲಿ ಇದ್ದಂತೆಯೇ ಇಂದಿಗೂ ಇದೆ. ನಾನಿಲ್ಲಿ ಹೇಳಹೊರಟಿರುವುದು ಆ ಪೆಟ್ಟಿಗೆ ನನಗೆ ಕಲಿಸಿದ ಪಾಠವನ್ನು. ನಿಜ ಹೇಳಬೇಕೆಂದರೆ, ಅದು ನನಗೆ ಮಾಡಿದ ಮಂಗಳಾರತಿಯನ್ನು.

ನಮ್ಮ ನೆರೆಮನೆಯ ರಾಯರು ಸರಕು ಹಡಗುಗಳಲ್ಲಿ ಎಂಜಿನಿಯರಾಗಿ ಲೋಕ ಸುತ್ತಿ, ನಿವೃತ್ತರಾದ ಮೇಲೆ ಮಲೆನಾಡಿನ ತಮ್ಮ ಪಿತ್ರಾರ್ಜಿತ ಮನೆಗೆ ಮರಳಿದವರು. ಅವರೊಡನೆ ಬಂದ ಸಾಮಾನುಗಳಲ್ಲಿ ನುಣುಪಾದ ಒಂದು ಮರದ ಪೆಟ್ಟಿಗೆಯಿತ್ತು. ಅದಕ್ಕೆ ಹ್ಯೂಮಿಡಾರ್ ಎಂದು ಹೆಸರು. ಒಳಗೆ ಕ್ಯೂಬಾ ದೇಶದ ಇಪ್ಪತ್ತು ಸಿಗಾರುಗಳು; ತೀರಿಹೋದ ಒಬ್ಬ ಕಪ್ತಾನ ಮಿತ್ರರ ಕೊಡುಗೆ. ಭಾನುವಾರ ಸಂಜೆ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಹಚ್ಚುವುದು ಅವರ ವಾಡಿಕೆ. "ಇದು ನಿಮ್ಮ ಚುಟ್ಟವೇ ಮೇಷ್ಟ್ರೇ, ಕೋಟು ಹಾಕಿಕೊಂಡಿದೆ ಅಷ್ಟೆ" ಎಂದು ನಗುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಇಂಗ್ಲಿಷಿನ ಚೆರೂಟ್ ಎಂಬ ಪದ ತಮಿಳಿನ ಸುರುಟ್ಟು ಎಂಬುದರಿಂದ ಹೋದದ್ದು. ಒಣಗಿದ ಎಲೆ ಸುರುಟಿಕೊಂಡಿತು ಎಂದು ನಾವು ಕನ್ನಡದಲ್ಲಿ ಹೇಳುವುದೂ ಅದೇ ಬಳಗದ ಮಾತು.

2011ರ ಬೇಸಗೆಯಲ್ಲಿ ರಾಯರು ಆರು ತಿಂಗಳ ಮಟ್ಟಿಗೆ ಅಮೆರಿಕದಲ್ಲಿದ್ದ ಮಗನ ಮನೆಗೆ ಹೊರಟರು. ಪೆಟ್ಟಿಗೆಯನ್ನು ನನ್ನ ಕೈಗಿತ್ತು, "ನೀವು ವಿಜ್ಞಾನದವರು, ನಿಮಗಿಂತ ಯೋಗ್ಯರು ಯಾರು?" ಎಂದರು. ಹೊಗಳಿಕೆಗೆ ಮರುಳಾಗದ ಮೇಷ್ಟರುಂಟೇ? ಒಪ್ಪಿಕೊಂಡೆ. ಜೊತೆಗೆ ಅಮೆರಿಕದಲ್ಲಿ ಅಚ್ಚಾದ ಒಂದು ಸೂಚನಾಪತ್ರವಿತ್ತು.

ತಂಬಾಕಿನ ಎಲೆ ಸುತ್ತಲಿನ ಗಾಳಿಯ ತೇವವನ್ನು ಹೀರುವ, ಬಿಟ್ಟುಕೊಡುವ ಸ್ವಭಾವದ್ದು. ತೇವ ಕಡಿಮೆಯಾದರೆ ಎಲೆ ಬಿರಿದು ಪುಡಿಯಾಗುತ್ತದೆ, ಸುವಾಸನೆಯ ಎಣ್ಣೆಯಂಶ ಆರಿಹೋಗುತ್ತದೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸಾಪೇಕ್ಷ ಆರ್ದ್ರತೆಯನ್ನು ಶೇಕಡಾ 65ರಿಂದ 70ರ ನಡುವೆ, ಉಷ್ಣತೆಯನ್ನು 18ರಿಂದ 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಿಸಬೇಕು. ಪೆಟ್ಟಿಗೆಯ ಒಳಹಾಸು ಸ್ಪ್ಯಾನಿಷ್ ಸೀಡರ್ ಎಂಬ ಮರದ್ದು. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ನಿಜವಾದ ಸೀಡರೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಮರ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ್ದು. ಹೊಸ ಪೆಟ್ಟಿಗೆಯನ್ನು ಬಳಸುವ ಮುನ್ನ ಒಳಗೆ ಬಟ್ಟಿ ಇಳಿಸಿದ ನೀರಿನ ಬಟ್ಟಲನ್ನಿಟ್ಟು, ಮುಚ್ಚಳ ಹಾಕಿ, ಒಂದೆರಡು ವಾರ ಆ ಮರಕ್ಕೆ ತೇವ ಕುಡಿಸಬೇಕು. ಇಲ್ಲವಾದರೆ ಒಣಮರವೇ ಸಿಗಾರಿನ ತೇವವನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಮುಚ್ಚಳದ ಒಳಗಿನ ಸ್ಪಂಜಿಗೆ ಆಗಾಗ ಬಟ್ಟಿ ಇಳಿಸಿದ ನೀರನ್ನೇ ಹನಿಸಬೇಕು. ನಲ್ಲಿನೀರಿನ ಲವಣಗಳು ಸ್ಪಂಜಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ.

ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮಾಪಕದ ಮುಳ್ಳು 70ಕ್ಕಿಂತ ಕೆಳಗಿಳಿದರೆ ನೀರು ಹನಿಸಿ. ಆಷಾಢದಲ್ಲಿ ಹೊರಗೆ ಜಡಿಮಳೆ ಹಿಡಿದಿತ್ತು. ಮುಳ್ಳು 64ರಲ್ಲಿ ನಿಂತಿತ್ತು. ನಾನು ಕಟ್ಟುನಿಟ್ಟಾಗಿ ಪ್ರತಿದಿನ ಮುಚ್ಚಳ ತೆರೆದು ನೋಡಿದೆ, ನೀರು ಹನಿಸಿದೆ. ಅದೇ ದಿನಗಳಲ್ಲಿ ನನ್ನ ಶ್ರೀಮತಿ ಅಡುಗೆಮನೆಯಿಂದ, "ಉಪ್ಪಿನ ಭರಣಿ ನೀರೊಡೆದಿದೆ, ಒಲೆದಂಡೆಯ ಮೇಲೆ ಇಡಿ" ಎಂದು ಕೂಗಿ ಹೇಳಿದ್ದು ಇಂದಿಗೂ ನೆನಪಿದೆ. ಭರಣಿಯನ್ನು ಎತ್ತಿಟ್ಟು ಬಂದು ಮತ್ತೆ ಪೆಟ್ಟಿಗೆಗೆ ನೀರು ಹನಿಸಿದೆ! ಹನ್ನೆರಡು ಸಿಗಾರುಗಳ ಮೇಲೆ ಹಸಿರುಬಿಳುಪಿನ ಬೂಷ್ಟು ಮೂಡಿತು.

ರಾಯರು ಮರಳಿ ಬಂದರು. ಸಿಟ್ಟಾಗಲಿಲ್ಲ. ಪೆಟ್ಟಿಗೆಯನ್ನು ಮೂಸಿ, ಮಾಪಕವನ್ನು ಕಳಚಿ ಕೈಯಲ್ಲಿ ಹಿಡಿದು, "ಮೇಷ್ಟ್ರೇ, ಅಳೆಯುವುದನ್ನೇ ಮೊದಲು ಅಳೆದು ನೋಡಲಿಲ್ಲವೇ?" ಎಂದಷ್ಟೇ ಕೇಳಿದರು. ಸಣ್ಣ ಬಟ್ಟಲಿಗೆ ಉಪ್ಪು ಹಾಕಿ, ಅದು ಕರಗದೆ ಒದ್ದೆಮರಳಿನಂತೆ ನಿಲ್ಲುವಷ್ಟೇ ನೀರು ಬೆರೆಸಿ, ಮಾಪಕದೊಡನೆ ಗಾಜಿನ ಡಬ್ಬಿಯೊಳಗಿಟ್ಟು ಬಿರಡೆ ಬಿಗಿದರು. ಅಂಥ ಉಪ್ಪಿನ ಮೇಲಿನ ಮುಚ್ಚಿದ ಗಾಳಿಯ ಆರ್ದ್ರತೆ ಕೋಣೆಯ ಉಷ್ಣತೆಯಲ್ಲಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮಾರನೆಯ ದಿನ ನೋಡಿದರೆ ಮುಳ್ಳು ತೋರಿಸುತ್ತಿದ್ದುದು 61! ಹದಿನಾಲ್ಕು ಅಂಶಗಳ ಸುಳ್ಳು. ನಾನು 64 ಎಂದು ನಂಬಿದ್ದು ವಾಸ್ತವವಾಗಿ 78 ಆಗಿತ್ತು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸಾಪೇಕ್ಷ ಆರ್ದ್ರತೆ ಎಂದರೇನು ಎಂಬ ಪ್ರಶ್ನೆಗೆ ಅದೆಷ್ಟು ಸಾವಿರ ಉತ್ತರಪತ್ರಿಕೆಗಳಲ್ಲಿ ನಾನು ಎರಡೆರಡು ಅಂಕ ಹಾಕಿದ್ದೆ! ಸೂಚನಾಪತ್ರ ಬರೆದವರ ಊರಿನಲ್ಲಿ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿಯನ್ನು ಕಾಯಿಸುತ್ತಾರೆ; ಕಾದ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು, ಆದ್ದರಿಂದ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಅಲ್ಲಿ ಪೆಟ್ಟಿಗೆಯ ಕೆಲಸ ತೇವವನ್ನು ಒಳಗೆ ಹಿಡಿದಿಡುವುದು. ನಮ್ಮ ಆಷಾಢದ ಗಾಳಿ ಶೇಕಡಾ 90ನ್ನು ಮೀರುತ್ತದೆ. ಇಲ್ಲಿ ಅದರ ಕೆಲಸ ತೇವವನ್ನು ಹೊರಗೆ ತಡೆಯುವುದು. ಅಡುಗೆಮನೆಯ ಉಪ್ಪು ನೀರೊಡೆಯುವುದೂ ಆರ್ದ್ರತೆ ಸುಮಾರು 75ನ್ನು ದಾಟಿದಾಗಲೇ. ಅಂದರೆ ಪರದೇಶದ ಮಾಪಕ ಸುಳ್ಳು ಹೇಳುತ್ತಿದ್ದಾಗ ಮನೆಯ ಭರಣಿ ಸತ್ಯವನ್ನೇ ಸಾರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾನೇ ಉದಾಹರಣೆಯಾದೆ.

ಬೂಷ್ಟು ಹಿಡಿದ ಹನ್ನೆರಡನ್ನೂ ರಾಯರು ಬಚ್ಚಲೊಲೆಗೆ ಹಾಕಿದರು. "ಹೇಗೂ ಹೊಗೆಯಾಗಬೇಕಾದವೇ ಅಲ್ಲವೇ ಮೇಷ್ಟ್ರೇ" ಎಂದು ನಕ್ಕರು. ಆದರೆ ಕಪ್ತಾನ ಮಿತ್ರರು ಕೊಟ್ಟ ಅಂಥ ಕಾಣಿಕೆ ಮತ್ತೆಲ್ಲಿ ದೊರೆತೀತು? ಆ ನಗುವಿನ ಋಣ ನನ್ನ ಮೇಲೆ ಇಂದಿಗೂ ಇದೆ.

ಉಳಿದವನ್ನು ಮುಂದೆ ಇಬ್ಬರೂ ಕೂಡಿಯೇ ಕಾಪಾಡಿದೆವು. ಮಳೆಗಾಲದಲ್ಲಿ ಸ್ಪಂಜನ್ನು ತೆಗೆದಿರಿಸಿ, ಉಪ್ಪಿನ ದ್ರಾವಣ ತುಂಬಿದ ಪೊಟ್ಟಣಗಳನ್ನು ಇಟ್ಟೆವು. ತೇವ ಹೆಚ್ಚಾದರೆ ಹೀರುವ, ಕಡಿಮೆಯಾದರೆ ಕೊಡುವ ಗುಣ ಅವುಗಳದು. ಸುಮ್ಮಸುಮ್ಮನೆ ಮುಚ್ಚಳ ತೆರೆಯುವುದನ್ನು ಬಿಟ್ಟೆವು. ಬೇಸಗೆಯ ಶತ್ರು ಬೇರೆ: ತಂಬಾಕಿನೊಳಗೆ ಅಡಗಿದ ಮೊಟ್ಟೆಗಳು ಸೆಕೆಗೆ ಒಡೆದು ಪುಟ್ಟ ಕಂದು ಹುಳುಗಳಾಗಿ ಸಿಗಾರನ್ನು ಕೊರೆಯುತ್ತವೆ. ಒಣಮೆಣಸಿನಕಾಯಿ, ಶುಂಠಿ, ಹಳೆಯ ಪುಸ್ತಕಗಳನ್ನು ತೂತು ಮಾಡುವುದೂ ಇದೇ ಹುಳು. ಸಿಗಾರುಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೂರು ದಿನ ಫ್ರೀಜರಿನಲ್ಲಿ, ಬಳಿಕ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಹೊರತೆಗೆಯುವುದು ಪರಿಹಾರ. ಒಮ್ಮೆಗೇ ಹೊರತೆಗೆದರೆ ಎಲೆ ಬಿರಿಯುತ್ತದೆ.

2016ರಲ್ಲಿ ವೈದ್ಯರ ಮಾತಿಗೆ ಮಣಿದು ರಾಯರು ಸೇದುವುದನ್ನು ನಿಲ್ಲಿಸಿದರು. ನನಗೆ ಸಂತೋಷವೇ ಆಯಿತು. ಬರಿದಾದ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಅದನ್ನು ಕಂಡ ಹಳೆಯ ಶಿಷ್ಯನೊಬ್ಬ, "ಸಾರ್, ನೀವೂ?" ಎಂದು ಬೆಚ್ಚಿಬಿದ್ದ. ಇಡೀ ಕಥೆ ಹೇಳಿದ ಮೇಲೆ ಅವನು ಕೇಳಿದ ಪ್ರಶ್ನೆ ಮಾತ್ರ ನಾಟಿತು: "ಇದನ್ನು ನಮಗೆ ತರಗತಿಯಲ್ಲಿ ಏಕೆ ಮಾಡಿಸಲಿಲ್ಲ ಸಾರ್?"

ನನ್ನ ಬಳಿ ಉತ್ತರವಿರಲಿಲ್ಲ. ನಿಯಮವನ್ನು ಒಪ್ಪಿಸುವುದನ್ನು ನಾನು ಕಲಿಸಿದೆ. ಆ ನಿಯಮ ಯಾವ ಊರಿನ ಹವೆಗೆ ಬರೆದದ್ದು ಎಂದು ಕೇಳುವುದನ್ನು ಕಲಿಸಲಿಲ್ಲ, ಏಕೆಂದರೆ ನಾನೇ ಕಲಿತಿರಲಿಲ್ಲ. ಇದನ್ನು ಓದುತ್ತಿರುವ ಶಿಕ್ಷಕಮಿತ್ರರಲ್ಲಿ ನನ್ನದೊಂದು ಬಿನ್ನಹ. ಬರುವ ಮುಂಗಾರಿನಲ್ಲಿ ಮಕ್ಕಳಿಂದ ಒಂದು ಹಿಡಿ ಉಪ್ಪು ತರಿಸಿ. ಒಂದು ಪಾಲನ್ನು ಕಿಟಕಿಯ ಬಳಿ ತೆರೆದಿಡಿ, ಇನ್ನೊಂದು ಪಾಲನ್ನು ಒದ್ದೆ ಮಾಡಿ ಮಾಪಕದೊಡನೆ ಡಬ್ಬಿಯೊಳಗಿಟ್ಟು ಮುಚ್ಚಿ. ಎರಡು ಅಂಕದ ವ್ಯಾಖ್ಯೆಯನ್ನು ಆಮೇಲೆ ಬರೆಸಿದರಾಯಿತು.