ಕುತ್ತಿಗೆಯ ಗಂಟೆಲ್ಲ ಟಿ.ಬಿ. ಅಲ್ಲ

ಮಗುವಿನ ಕುತ್ತಿಗೆಯಲ್ಲಿ ಗಂಟು ಕಂಡರೆ ಮನೆಯ ಹಿರಿಯರು ಹೇಳೋದು ಒಂದೇ ಮಾತು: ‘ಗಂಡಮಾಲೆ ಇರಬೇಕು.’ ಗಂಡಮಾಲೆ ಅಂದರೆ ಗ್ರಂಥಿಗೆ ತಗಲುವ ಟಿ.ಬಿ. ಈ ಊಹೆ ತೀರಾ ತಪ್ಪೇನಲ್ಲ. ಮಕ್ಕಳ ಗಂಟುಗಳಲ್ಲಿ ಹೆಚ್ಚಿನವು ಗಂಟಲು ನೋವು, ಹುಳುಕು ಹಲ್ಲು, ತಲೆಯ ಹುಣ್ಣಿನಿಂದ ಬಂದು ತಾವೇ ಹೋಗುವಂಥವು. ಹೋಗದೆ ಉಳಿದವುಗಳಲ್ಲಿ ಟಿ.ಬಿ. ಪಾಲು ದೊಡ್ಡದು. ಆದರೆ ಅದೇ ವೇಷದಲ್ಲಿ ಇನ್ನೊಂದು ಕಾಯಿಲೆ ಬರುತ್ತದೆ. ಅದು ಲಿಂಫೋಮಾ, ಗ್ರಂಥಿಗಳ ಕ್ಯಾನ್ಸರ್.

ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎರಡರಲ್ಲೂ ಉಂಟು. ಎಕ್ಸ್-ರೇ ನೋಡಿಯೂ ಮೋಸಹೋಗಬಹುದು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಕಿನ್ ಈ ಕಾಯಿಲೆಯ ಒಂದು ಬಗೆಯನ್ನು ವಿವರಿಸಿದ. 1898ರಲ್ಲಿ ವಿಯೆನ್ನಾದ ಸ್ಟರ್ನ್‌ಬರ್ಗ್ ಎಂಬ ಪಂಡಿತನೇ ಅದನ್ನು ಟಿ.ಬಿ.ಯ ಒಂದು ರೂಪ ಅಂದುಕೊಂಡ. ಅಲ್ಲ, ಇದು ಬೇರೆಯೇ ರೋಗ ಅಂತ 1902ರಲ್ಲಿ ತೋರಿಸಿದವರು ಡೊರೊತಿ ರೀಡ್ ಎಂಬ ವೈದ್ಯೆ. ಅದೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ! ಅಂದಮೇಲೆ ಬರೀ ಕೈಯಲ್ಲಿ ಮುಟ್ಟಿ ತೀರ್ಪು ಕೊಡೋದು ಹೇಗೆ ಸ್ವಾಮಿ? ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸನ್ನೂ ನೋಡದೆ ಯಾರೂ ಹರಾಜು ಕೂಗೋದಿಲ್ಲ.

ಟಿ.ಬಿ. ಮಾತ್ರೆ ಸಾಮಾನ್ಯವಾಗಿ ಆರು ತಿಂಗಳ ಕೋರ್ಸು. ‘ಕೊಟ್ಟು ನೋಡೋಣ’ ಅಂತ ಎರಡು ಮೂರು ತಿಂಗಳು ಕಳೆದರೆ ಒಳಗೆ ಕ್ಯಾನ್ಸರ್ ಹಬ್ಬುತ್ತದೆ. ಕೆಲವು ಬಗೆಯವು ವಾರಗಳಲ್ಲೇ ದುಪ್ಪಟ್ಟಾಗುತ್ತವೆ. ಊತ ಇಳಿಯಲಿ ಅಂತ ಸ್ಟೀರಾಯ್ಡ್ ಕೊಟ್ಟರಂತೂ ಗಂಟು ನಾಲ್ಕು ದಿನ ಕರಗಿ, ಪತ್ತೆಯೇ ಕಷ್ಟವಾಗುತ್ತದೆ. ಹೊಟ್ಟೆ ಉರಿಯೋದು ಏಕೆಂದರೆ, ಮಕ್ಕಳ ಕ್ಯಾನ್ಸರ್‌ಗಳಲ್ಲಿ ಚೆನ್ನಾಗಿ ವಾಸಿಯಾಗುವುದೇ ಈ ಹಾಡ್ಕಿನ್ ಲಿಂಫೋಮಾ. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು, ಅಷ್ಟೆ.

ತಂದೆತಾಯಿಗಳು ನೆನಪಿಡಬೇಕಾದ್ದು ಇಷ್ಟು. ನೋವಿಲ್ಲದ, ರಬ್ಬರಿನಂಥ ಗಂಟು ನಾಲ್ಕು ವಾರವಾದರೂ ಇಳಿಯದಿದ್ದರೆ, ದಿನೇ ದಿನೇ ದಪ್ಪವಾದರೆ, ಅಥವಾ ಕೊರಳೆಲುಬಿನ ಮೇಲೆ ಎದ್ದರೆ ‘ಪರೀಕ್ಷೆ ಮಾಡಿಸಿ’ ಅಂತ ಬಾಯಿಬಿಟ್ಟು ಕೇಳಿ. ಸೂಜಿಯಲ್ಲಿ ತೆಗೆದದ್ದನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ ಹಾಕಿದರೆ ಟಿ.ಬಿ. ಗೊತ್ತಾಗುತ್ತದೆ. ಅದರಲ್ಲಿ ಸಿಗದಿದ್ದರೆ ಗಂಟನ್ನೇ ತೆಗೆದು ಬಯಾಪ್ಸಿ ಆಗಬೇಕು. ಸೂಜಿಗೆ ಲಿಂಫೋಮಾ ತಪ್ಪಿಸಿಕೊಳ್ಳುವುದುಂಟು. ಹಾಗಂತ ನಡೆಯುತ್ತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಟಿ.ಬಿ. ಗಂಟೂ ಚಿಕಿತ್ಸೆಯ ನಡುವೆ ಒಮ್ಮೊಮ್ಮೆ ಊದುತ್ತದೆ. ವೈದ್ಯರನ್ನು ಮತ್ತೆ ಕಾಣಿ.

ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೂ ಒಂದು ಮಾತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೂಲಿಯವರು ಮಗುವನ್ನು ಎತ್ತಿಕೊಂಡು ಬಸ್ಸಿನಿಂದ ಬಸ್ಸಿಗೆ ಅಲೆಯುವ ಬದಲು, ಗಂಟಿನ ಮಾದರಿಯೇ ತಾಲ್ಲೂಕು ಆಸ್ಪತ್ರೆಯಿಂದ ಪರೀಕ್ಷೆಗೆ ಹೋಗಲಿ. ವರದಿ ವಾರದೊಳಗೆ ಬರಲಿ. ಪರೀಕ್ಷೆಯಿಲ್ಲದೆ ಯಾವ ಮಗುವಿನ ಗಂಟಿಗೂ ‘ಟಿ.ಬಿ.’ ಅಂತ ಚೀಟಿ ಅಂಟಿಸುವುದು ಬೇಡ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಒಂದು ಕಟ್ಟುನಿಟ್ಟಾದ ಆದೇಶ ಸಾಕು.